ಮೂರು ನೌಕೆ, ಒಂದೇ ಕಳ್ಳಮಾಲು: ಎಲೀಟ್ ಡೇಂಜರಸ್‌ನಲ್ಲಿ ನಾನು ಮಾಡಿ ನೋಡಿದ ಹೋಲಿಕೆ

ರಾತ್ರಿ ಹತ್ತು ಗಂಟೆಯ ನಂತರ ನಾನು ಕಳ್ಳಸಾಗಣೆದಾರ. ಒಮ್ಮೆ ಅಮ್ಮ ಹಿಂದಿನಿಂದ ಬಂದು ಪರದೆಯನ್ನು ಇಣುಕಿ, "ಇಷ್ಟೆಲ್ಲ ಓದಿಸಿದ್ದು ಇದಕ್ಕೇನಪ್ಪಾ?" ಎಂದು ಕೇಳಿದರು. ಸರಕಿನ ಪಟ್ಟಿಯಲ್ಲಿ ಮಾದಕ ವಸ್ತು ಎಂಬುದನ್ನು ಓದಿದ್ದರೆಂದು ಕಾಣುತ್ತದೆ. ಸದ್ಯ, ಆ ವೇಳೆಗೆ ನಿಲ್ದಾಣದ ಒಳಗೆ ಇಳಿದಾಗಿತ್ತು.

ಎಲೀಟ್ ಡೇಂಜರಸ್ 2014ರ ಡಿಸೆಂಬರ್‌ನಲ್ಲಿ ಬಂದ, ಬಾಹ್ಯಾಕಾಶ ನೌಕೆ ಓಡಿಸುವ ಕಂಪ್ಯೂಟರ್ ಆಟ. ಅದರ ಮೂಲ 1984ರಲ್ಲಿ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಬರೆದ 'ಎಲೀಟ್'. ನಿಷೇಧಿತ ಮಾಲು ಸಾಗಿಸುವ ಆಸೆ ಆಗಲೇ ಅದರಲ್ಲಿತ್ತು. ಈಗಿನ ಆಟದಲ್ಲಿ ಯಾವುದು ನಿಷೇಧಿತ ಎಂಬುದು ಊರಿಂದೂರಿಗೆ ಬದಲಾಗುತ್ತದೆ. ಆಟದೊಳಗಿನ ದೊಡ್ಡ ಶಕ್ತಿಗಳಲ್ಲಿ ಒಂದಾದ ಸಾಮ್ರಾಜ್ಯದಲ್ಲಿ ಕಾನೂನುಬದ್ಧವಾದ ಗುಲಾಮರ ವ್ಯಾಪಾರ ಇನ್ನೊಂದಾದ ಫೆಡರೇಷನ್ನಿನಲ್ಲಿ ಅಪರಾಧ. ಕೆಲವು ಕಡೆ ತಂಬಾಕಿಗೂ ದಂಡ ಬೀಳುತ್ತದೆ.

ನಾನು ಹೋಲಿಸಿದ್ದು ಮೂರು ನೌಕೆಗಳನ್ನು: ಸುಮಾರು ಮೂರೂವರೆ ಲಕ್ಷ ಕ್ರೆಡಿಟ್‌ನ (ಕ್ರೆಡಿಟ್ ಎಂದರೆ ಆಟದೊಳಗಿನ ಹಣ) ಕೋಬ್ರಾ ಎಂಕೆ 3, ಹತ್ತೂವರೆ ಲಕ್ಷದ ಟೈಪ್-6, ಅರವತ್ತೇಳು ಲಕ್ಷದ ಆಸ್ಪ್ ಎಕ್ಸ್‌ಪ್ಲೋರರ್. ಮೂರಕ್ಕೂ ಒಂದೇ ಕೆಲಸ: ಮಾಲು ತುಂಬಿಕೊಂಡು ಕೊರಿಯೋಲಿಸ್ ಎಂಬ ಬಗೆಯ ಬಾಹ್ಯಾಕಾಶ ನಿಲ್ದಾಣದ ಬಾಯಿಯೊಳಗೆ ನುಗ್ಗಬೇಕು, ಗಸ್ತಿನವರು ಸ್ಕ್ಯಾನ್ ಮಾಡಿ ಮುಗಿಸುವುದಕ್ಕೆ ಮೊದಲು. ಆ ಬಾಯಿ ಅಂಚೆಪೆಟ್ಟಿಗೆಯ ಸೀಳಿನಂತಿರುವುದರಿಂದ ಆಟಗಾರರೆಲ್ಲ ಅದನ್ನು ಮೇಲ್ ಸ್ಲಾಟ್ ಎನ್ನುತ್ತಾರೆ.

ಗಸ್ತು ನೌಕೆಗೆ ನಾವು ಕಾಣಿಸುವುದು ನಮ್ಮ ಬಿಸಿಯಿಂದ. ಎಂಜಿನ್, ಪೆಟ್ಟು ತಡೆಯುವ ಶಕ್ತಿಕವಚ, ವಿದ್ಯುತ್ ಸ್ಥಾವರ ಎಲ್ಲವೂ ಬಿಸಿ ಉಗುಳುತ್ತವೆ. ತಣ್ಣಗಿದ್ದಷ್ಟೂ ಅವರು ತೀರಾ ಹತ್ತಿರ ಬಂದರಷ್ಟೇ ನಮ್ಮನ್ನು ಹಿಡಿಯಬಲ್ಲರು. ಅದಕ್ಕೆ ದಾರಿ ಎರಡು. ಸೈಲೆಂಟ್ ರನ್ನಿಂಗ್ ಒತ್ತಿದರೆ ಬಿಸಿ ಹೊರಹೋಗುವ ಕಿಂಡಿಗಳು ಮುಚ್ಚುತ್ತವೆ, ಜೊತೆಗೆ ಕವಚವೂ ಇಳಿಯುತ್ತದೆ. ಬಿಸಿಯೆಲ್ಲ ಒಳಗೇ ಉಳಿಯುತ್ತದೆ. ನೂರು ಶೇಕಡಾ ದಾಟಿದರೆ ಒಂದೊಂದೇ ಭಾಗ ಸುಡತೊಡಗುತ್ತದೆ. ಹೀಟ್ ಸಿಂಕ್ ಹಾರಿಸಿದರೆ ಒಳಗಿನ ಬಿಸಿ ಒಂದು ಗಟ್ಟಿಯಾಗಿ ಹೊರಗೆ ಬೀಳುತ್ತದೆ, ನೌಕೆ ಕೆಲವು ಸೆಕೆಂಡು ಮಂಜುಗಡ್ಡೆಯಾಗುತ್ತದೆ. ಒಂದು ಉಡಾವಕಕ್ಕೆ ಮೂರೇ ಸಿಂಕ್. ಅದನ್ನು ಕೂರಿಸಲು ಯುಟಿಲಿಟಿ ಜಾಗ, ಅಂದರೆ ನೌಕೆಯ ಮೈಮೇಲೆ ಸಣ್ಣ ಉಪಕರಣಗಳಿಗೆ ಇರುವ ಜಾಗ ಬೇಕು. ಅಂಥ ಜಾಗ ಕೋಬ್ರಾದಲ್ಲಿ ಎರಡು, ಟೈಪ್-6ರಲ್ಲಿ ಮೂರು, ಆಸ್ಪ್‌ನಲ್ಲಿ ನಾಲ್ಕು.

ಕಾಗದದ ಮೇಲೆ ಲೆಕ್ಕ ಹಾಕುವಾಗ ನನ್ನ ಮನಸ್ಸು ಟೈಪ್-6ರ ಕಡೆಗೇ ಇತ್ತು. ಕವಚ ತೆಗೆದು ಎಲ್ಲ ಕೋಣೆಗಳಿಗೂ ಸರಕಿನ ಕಪಾಟು ಹಾಕಿದರೆ ನೂರು ಟನ್ನಿಗಿಂತ ಹೆಚ್ಚು ಹಿಡಿಸುತ್ತದೆ. ಕೋಬ್ರಾ ಎಷ್ಟು ಹಿಗ್ಗಿದರೂ ಅರವತ್ತರ ಆಸುಪಾಸಿನಲ್ಲಿ ನಿಲ್ಲುತ್ತದೆ. ದುರಾಸೆಗೆ ಅಷ್ಟು ಸಾಕಾಯಿತು. ಹೇಗೂ ಸೈಲೆಂಟ್ ರನ್ನಿಂಗ್‌ನಲ್ಲಿ ಕವಚ ಇಳಿಯುತ್ತದಲ್ಲ, ಹೊತ್ತು ತರುವುದೇಕೆ ಎಂದುಕೊಂಡೆ. ಮೊದಲ ಎರಡು ಸುತ್ತು ಸುಸೂತ್ರವಾಗಿ ಮುಗಿದವು. ಮೂರನೆಯ ಬಾರಿ ಸ್ಲಾಟ್‌ಗೆ ಒಂದು ಕಿಲೋಮೀಟರ್ ಇರುವಾಗ ಸ್ಕ್ಯಾನ್ ಎಚ್ಚರಿಕೆ ಬಂತು, ನಾನು ಗಾಬರಿಯಲ್ಲಿ ಬೂಸ್ಟ್, ಅಂದರೆ ಒಮ್ಮೆಗೇ ವೇಗ ಏರಿಸುವ ಗುಂಡಿ ಒತ್ತಿದೆ. ಟೈಪ್-6 ಡಬ್ಬದ ಲಾರಿ. ಒಮ್ಮೆ ಓಡಿದರೆ ತಿರುಗಿಸಿದ ಕಡೆಗೆ ತಿರುಗುವುದಿಲ್ಲ. ಸ್ಲಾಟ್‌ನ ಮುಂದೆ ಚಾಚಿಕೊಂಡ ಕಬ್ಬಿಣದ ಬೇಲಿಗೆ ಮೂತಿ ತಾಗಿತು, ಆಮೇಲೆ ಪಕ್ಕೆ ತಾಗಿತು, ಆಮೇಲೆ ನೌಕೆಯೇ ಇರಲಿಲ್ಲ. ವಿಮೆಗೆ ನೌಕೆಯ ಬೆಲೆಯ ಐದು ಶೇಕಡಾ ಕಟ್ಟಿದೆ. ನೌಕೆ ಮರಳಿ ಬಂತು, ತುಂಬಿದ್ದ ಮಾಲು ಹೋದದ್ದು ಹೋಯಿತು. ಅದೇ ನೌಕೆಗೆ ಸಣ್ಣ ಕವಚ ಹಾಕಿ, ಬೂಸ್ಟ್ ಮುಟ್ಟದೆ ಮತ್ತೆ ಹೋದೆ. ಬದುಕಿದೆ, ಆದರೆ ನಿಧಾನವಾದುದಕ್ಕೆ ಎರಡು ಬಾರಿ ಸಿಕ್ಕಿಬಿದ್ದೆ. ಟೈಪ್-6 ಪ್ರಾಮಾಣಿಕ ವ್ಯಾಪಾರಿಗೆ ಒಳ್ಳೆಯದು.

ಕೋಬ್ರಾ ಚಪ್ಪಟೆ. ಅಗಲ ನಲವತ್ತನಾಲ್ಕು ಮೀಟರ್, ಎತ್ತರ ಎಂಟೂ ಇಲ್ಲ. ಸ್ಲಾಟ್‌ನ ಆಕಾರಕ್ಕೆ ಅಳೆದು ಮಾಡಿದಂತಿದೆ. ಬೂಸ್ಟ್‌ನಲ್ಲಿ ಸೆಕೆಂಡಿಗೆ ನಾನೂರು ಮೀಟರ್ ಹೋಗುತ್ತದೆ. ಟೈಪ್-6 ಮುನ್ನೂರೈವತ್ತು, ಆಸ್ಪ್ ಮುನ್ನೂರನಲವತ್ತು. ಅಂತರ ಸಣ್ಣದೆನಿಸಬಹುದು. ಆದರೆ ಕೋಬ್ರಾ ಓಡುವಷ್ಟೇ ಚೆನ್ನಾಗಿ ನಿಲ್ಲುತ್ತದೆ ಕೂಡ. ಸ್ಲಾಟ್ ದಾಟಿದ ಕೂಡಲೇ ಹಿಂದಕ್ಕೆ ಒತ್ತಿದರೆ ಎದುರಿನ ಗೋಡೆಗೆ ಬಹಳ ಮೊದಲೇ ಸುಮ್ಮನಾಗುತ್ತದೆ.

ನನ್ನ ಜೋಡಣೆ ಹೀಗಿದೆ. ಭಾಗಗಳಿಗೆ ಎ ಇಂದ ಇ ವರೆಗೆ ದರ್ಜೆಗಳಿವೆ, ಎ ಅತ್ಯುತ್ತಮ. ವಿದ್ಯುತ್ ಸ್ಥಾವರ ಎ ದರ್ಜೆಯದು, ಏಕೆಂದರೆ ಅದೇ ಶಕ್ತಿಗೆ ಅದು ಕಡಿಮೆ ಬಿಸಿಯಾಗುತ್ತದೆ. ಎಂಜಿನ್ ಎ. ಸಂವೇದಕ, ಜೀವರಕ್ಷಕ ಎರಡೂ ಡಿ, ಏಕೆಂದರೆ ಡಿ ದರ್ಜೆಯೇ ಎಲ್ಲಕ್ಕಿಂತ ಹಗುರ. ಬಂದೂಕು ಒಂದೂ ಇಲ್ಲ. ಎರಡು ಯುಟಿಲಿಟಿ ಜಾಗಕ್ಕೂ ಹೀಟ್ ಸಿಂಕ್. ನೌಕೆಯನ್ನು ತಾನೇ ಇಳಿಸುವ ಕಂಪ್ಯೂಟರ್ ಹಾಕಲಿಲ್ಲ. ಅದು ಮದುವೆ ಮನೆಗೆ ಬಂದ ಹಿರಿಯರಂತೆ ಸಾವಧಾನವಾಗಿ ಸಾಗುತ್ತದೆ, ಅಷ್ಟರಲ್ಲಿ ಊರೆಲ್ಲ ನಮ್ಮ ಗೋಣಿಚೀಲ ಬಿಚ್ಚಿ ನೋಡಿರುತ್ತದೆ.

ಕೆಲಸದ ಕ್ರಮವನ್ನೂ ಹೇಳಿಬಿಡುತ್ತೇನೆ, ಮೂರು ನೌಕೆಗೂ ಒಂದೇ. ಸ್ಲಾಟ್ ಯಾವಾಗಲೂ ಗ್ರಹದ ಕಡೆಗೆ ಮುಖ ಮಾಡಿರುತ್ತದೆ. ಆದ್ದರಿಂದ ಗ್ರಹದ ಬದಿಯಿಂದ ಬಂದರೆ ಸೂಪರ್‌ಕ್ರೂಸ್ ಎಂಬ ಅತಿವೇಗದ ಪಯಣದಿಂದ ಸಾಮಾನ್ಯ ವೇಗಕ್ಕೆ ಇಳಿಯುವಾಗಲೇ ಬಾಯಿ ಎದುರಿಗಿರುತ್ತದೆ. ಏಳೂವರೆ ಕಿಲೋಮೀಟರ್ ಒಳಗೆ ಬಂದ ತಕ್ಷಣ ಇಳಿಯಲು ಅನುಮತಿ ಕೇಳಬೇಕು. ಹಸಿರು ದೀಪ ಬಲಕ್ಕೆ ಬರುವಂತೆ ಉರುಳಿ ನೇರವಾಗಬೇಕು. ಮೂರು ಕಿಲೋಮೀಟರಿನಲ್ಲಿ ಸೈಲೆಂಟ್ ರನ್ನಿಂಗ್, ಬಿಸಿ ಅರವತ್ತು ಶೇಕಡಾ ಮುಟ್ಟಿದಾಗ ಒಂದು ಸಿಂಕ್. ಒಳಗೆ ಹೋದ ಮೇಲೆ ಕಿಂಡಿ ತೆರೆಯಲು ಮರೆಯಬಾರದು. ನಾನು ಮರೆತಿದ್ದೇನೆ; ವೇದಿಕೆಯ ಮೇಲೆ ನಿಂತೇ ಅರ್ಧ ಬೆಂದೆ.

ಇನ್ನು ಆಸ್ಪ್. ಸಣ್ಣ ದಾರಿಗೆ ಅದು ಕೋಬ್ರಾಕ್ಕೆ ಸಮವಲ್ಲ. ಮೈ ದಪ್ಪ, ಪಕ್ಕಕ್ಕೆ ಸರಿಯುವಾಗ ಆಲಸ್ಯ. ಆದರೆ ದೂರದ ದಾರಿ ಹಿಡಿದರೆ ಲೆಕ್ಕ ತಲೆಕೆಳಗಾಗುತ್ತದೆ. 2015ರ ಹೊತ್ತಿಗೆ ರೊಬಿಗೊ ಎಂಬ ಮೂಲೆಯ ನೆಲೆಯಿಂದ ಜನವಸತಿಯ ನಡುವಿಗೆ ಕಳ್ಳಮಾಲು ಸಾಗಿಸುವುದು ಆಟಗಾರರಲ್ಲಿ ಹುಚ್ಚಾಗಿ ಹಬ್ಬಿತ್ತು. ನಡುವೆ ನೂರಾರು ಜ್ಯೋತಿರ್ವರ್ಷ. ಆ ದಾರಿಯನ್ನು ನಾನು ಹಿಡಿದದ್ದು ಬಹಳ ತಡವಾಗಿ, ಜಾತ್ರೆ ಮುಗಿದ ಮೇಲೆ. ಆದರೂ ಎರಡೂ ನೌಕೆಗಳಲ್ಲಿ ಹೋಗಿ ನೋಡಿದೆ. ಹಗುರ ಮಾಡಿದ ಆಸ್ಪ್ ನಕ್ಷತ್ರದಿಂದ ನಕ್ಷತ್ರಕ್ಕೆ ಒಂದು ನೆಗೆತಕ್ಕೆ ಮೂವತ್ತು ಜ್ಯೋತಿರ್ವರ್ಷ ಹಾರಿತು. ಮಾಲು ತುಂಬಿದ ಕೋಬ್ರಾ ಇಪ್ಪತ್ತರ ಆಸುಪಾಸಿನಲ್ಲಿ ಏದುಸಿರು ಬಿಟ್ಟಿತು, ಸಣ್ಣ ಕೊಳವೆಯಿಂದ ನಕ್ಷತ್ರದ ಪಕ್ಕ ಇಂಧನ ಹೀರಿಕೊಳ್ಳುತ್ತಾ ಕೂತಿತು. ಆಸ್ಪ್‌ನ ಸುತ್ತಲೂ ಗಾಜಿರುವ ಮೂತಿಯಿಂದ ನಕ್ಷತ್ರ ನೋಡುತ್ತಾ ಹೋಗುವುದೇ ಬೇರೆ. ತಲುಪಿದ ಮೇಲೂ ಹನ್ನೆರಡು ಸಿಂಕ್ ಕೈಯಲ್ಲಿರುತ್ತದೆ. ಎರಡನ್ನು ಬೆನ್ನು ಬೆನ್ನಿಗೆ ಹಾರಿಸಿದರೆ ಚಾಲಕನ ಒರಟುತನವನ್ನು ಅದು ಕ್ಷಮಿಸುತ್ತದೆ.

ಇವಕ್ಕಿಂತ ದೊಡ್ಡ ನೌಕೆಯಾದ ಪೈಥಾನ್ ಏಕಿಲ್ಲ ಎಂದು ಕೇಳುವವರಿದ್ದಾರೆ. ಐದೂವರೆ ಕೋಟಿಗಿಂತ ಹೆಚ್ಚು ಕೊಟ್ಟು ಕೊಂಡ ಮೇಲೆ ಕಳ್ಳಸಾಗಣೆ ಮಾಡುವ ಅವಶ್ಯಕತೆ ಯಾರಿಗಿರುತ್ತದೆ?

ಸದ್ಯಕ್ಕೆ ಟೈಪ್-6 ಮಾರಿದ್ದೇನೆ, ಆಸ್ಪ್ ದೂರದ ನೆಲೆಯೊಂದರಲ್ಲಿ ನಿಂತಿದೆ. ಕೋಬ್ರಾದ ಸ್ಥಾವರಕ್ಕೆ ಆಟದೊಳಗಿನ ಎಂಜಿನಿಯರ್ ಕೈಯಿಂದ ಬಿಸಿ ತಗ್ಗಿಸುವ ಲೋ ಎಮಿಷನ್ಸ್ ಮಾರ್ಪಾಡು ಮಾಡಿಸಿದ್ದೇನೆ, ಬಿಸಿ ಇನ್ನೂ ಇಳಿದಿದೆ. ಇವತ್ತು ಎಂಟು ಟನ್ ತಂಬಾಕು ತುಂಬಿಕೊಂಡು ನಿಲ್ದಾಣಕ್ಕೆ ನಾಲ್ಕು ಕಿಲೋಮೀಟರ್ ಇರುವಾಗ ಮನೆಯ ಕರೆಂಟ್ ಹೋಯಿತು. ಬಂದ ಮೇಲೆ ಅಲ್ಲಿಂದಲೇ ಮುಂದುವರಿಸಬೇಕು.