ಅಕೌಂಟ್ ತಾನೇ ಸೆಟ್ ಆಗದಿದ್ದಾಗ: ಥಂಡರ್‌ಬರ್ಡ್, ಔಟ್‌ಲುಕ್, ಎವಲ್ಯೂಷನ್

ಮೇಲ್ ಪ್ರೋಗ್ರಾಂಗಳನ್ನು ಹೋಲಿಸಿ ನೋಡುವವರು ಸಾಮಾನ್ಯವಾಗಿ ಒಂದು ಜಿಮೇಲ್ ವಿಳಾಸ ಹಾಕಿ ನೋಡುತ್ತಾರೆ. ಅದರಲ್ಲಿ ಯಾವುದೂ ಸೋಲುವುದು ಕಡಿಮೆ. ಸ್ವಂತ ಡೊಮೈನ್‌ನ ವಿಳಾಸ ಹಾಕಿದಾಗಲೇ ನಿಜವಾದ ವ್ಯತ್ಯಾಸ ಗೊತ್ತಾಗುವುದು. ಕಾಸರಗೋಡಿನ ಬದಿಯಡ್ಕ, ನೀರ್ಚಾಲು, ಕುಂಬಳೆ ಕಡೆಯ ಸಂಘಗಳಿಗೆ, ಪ್ರೆಸ್ಸುಗಳಿಗೆ, ಶಾಲೆಗಳಿಗೆ ಮೇಲ್ ಹಾಕಿಕೊಡುತ್ತಾ ನಾನು ಈ ಮೂರನ್ನೂ ಬಳಸಿದ್ದೇನೆ. ಹೆಸರು, ವಿಳಾಸ, ಪಾಸ್‌ವರ್ಡ್ ಕೊಟ್ಟರೆ ಸಾಕು, ಸರ್ವರ್ ವಿವರ ತಾನೇ ಹುಡುಕುತ್ತೇನೆ ಎನ್ನುತ್ತವೆ ಮೂರೂ. ಹುಡುಕಿ ಸಿಗದಿದ್ದಾಗ ಅವು ಏನು ಹೇಳುತ್ತವೆ? ನಾನು ಆರಿಸುವುದು ಅದನ್ನು ನೋಡಿ.

ಥಂಡರ್‌ಬರ್ಡ್‌ನಲ್ಲಿ ಈ ಸೌಲಭ್ಯ ಬಂದದ್ದು 2009ರಲ್ಲಿ, 3ನೇ ಆವೃತ್ತಿಯ ಜೊತೆಗೆ. ಅದು ಹುಡುಕುವ ಜಾಗಗಳು ಹಲವು. ನಿಮ್ಮ ಡೊಮೈನ್ ಹೆಸರಿಗೆ ಮೊದಲು ‘ಆಟೋಕಾನ್ಫಿಗ್’ ಎಂದು ಸೇರಿಸಿ, ಆ ವಿಳಾಸದಲ್ಲಿ ಒಂದು ಎಕ್ಸ್‌ಎಂಎಲ್ ಫೈಲ್ ಇದೆಯೇ ಎಂದು ಕೇಳುತ್ತದೆ. ಇಲ್ಲದಿದ್ದರೆ ಡೊಮೈನ್‌ನ ವೆಬ್‌ಸೈಟಿನೊಳಗೇ ಅದಕ್ಕೆಂದು ಗೊತ್ತಾದ ಫೋಲ್ಡರಿನಲ್ಲಿ ನೋಡುತ್ತದೆ. ಆಮೇಲೆ ಥಂಡರ್‌ಬರ್ಡ್‌ನವರದ್ದೇ ಒಂದು ದೊಡ್ಡ ಪಟ್ಟಿ. ಆ ಪಟ್ಟಿಯನ್ನು ಕೇಳುವಾಗ ಡೊಮೈನ್ ಹೆಸರು ಮಾತ್ರ ಹೋಗುತ್ತದೆ, ನಿಮ್ಮ ಪೂರ್ತಿ ವಿಳಾಸ ಹೋಗುವುದಿಲ್ಲ. ಅಲ್ಲೂ ಸಿಗದಿದ್ದರೆ ಎಂಎಕ್ಸ್ ದಾಖಲೆ (ಡೊಮೈನ್‌ಗೆ ಬರುವ ಮೇಲ್ ಯಾವ ಸರ್ವರಿಗೆ ಹೋಗಬೇಕು ಎಂದು ಹೇಳುವ ಸಾಲು) ನೋಡಿ ಮೇಲ್ ಯಾರ ಸರ್ವರಿನಲ್ಲಿದೆ ಎಂದು ತಿಳಿದುಕೊಂಡು ಮತ್ತೊಮ್ಮೆ ಹುಡುಕುತ್ತದೆ. ಕೊನೆಯದು ಊಹೆ. ಡೊಮೈನ್ ಮುಂದೆ ‘ಐಮ್ಯಾಪ್’, ‘ಮೇಲ್’, ‘ಎಸ್‌ಎಂಟಿಪಿ’ ಎಂದೆಲ್ಲ ಸೇರಿಸಿ ಯಾವುದಾದರೂ ಬಾಗಿಲು ತೆರೆಯುತ್ತದೆಯೇ ಎಂದು ತಟ್ಟಿ ನೋಡುವುದು.

ಇಷ್ಟೆಲ್ಲ ಆದ ಮೇಲೆ ವಿವರ ಎಲ್ಲಿ ಸಿಕ್ಕಿತು ಎಂದು ಒಂದು ಸಾಲಿನಲ್ಲಿ ಹೇಳುತ್ತದಲ್ಲ, ಅದಕ್ಕೇ ನನಗೆ ಥಂಡರ್‌ಬರ್ಡ್ ಇಷ್ಟ. ಮೇಲ್ ಕೊಡುವವರ ಹತ್ತಿರವೇ ಸಿಕ್ಕಿತು ಎಂದರೆ ನಂಬಬಹುದು. ಸಾಮಾನ್ಯ ಸರ್ವರ್ ಹೆಸರುಗಳನ್ನು ಪ್ರಯತ್ನಿಸಿ ಸಿಕ್ಕಿತು ಎಂದರೆ ಅದು ಊಹೆ, ಹುಷಾರಾಗಿರಬೇಕು.

ನಮ್ಮ ಕಡೆಯ ಒಂದು ಸಂಘದ ಮೇಲ್‌ನಲ್ಲಿ ಆ ಒಂದು ಸಾಲು ತುಂಬ ಕೆಲಸಕ್ಕೆ ಬಂತು. ಸಂಘದವರು ವೆಬ್‌ಸೈಟನ್ನು ಬೇರೆ ಕಂಪನಿಗೆ ಸಾಗಿಸಿದ್ದರು. ಮೇಲ್ ಮಾತ್ರ ಹಳೆಯ ಹೋಸ್ಟಿಂಗಿನಲ್ಲೇ ಉಳಿದಿತ್ತು. ಡೊಮೈನ್‌ನ ಇಂಥ ದಾಖಲೆಗಳನ್ನು ಇಡುವ ನೇಮ್‌ಸರ್ವರ್ ಬದಲಾಯಿಸುವಾಗ ಎಂಎಕ್ಸ್ ದಾಖಲೆ ಹೊಸ ಕಡೆಗೆ ಬಂತು, ‘ಆಟೋಕಾನ್ಫಿಗ್’ ಮತ್ತು ಔಟ್‌ಲುಕ್ ಹುಡುಕುವ ‘ಆಟೋಡಿಸ್ಕವರ್’ ದಾಖಲೆಗಳು ಬರಲಿಲ್ಲ. ಬರುವ ಮೇಲ್ ಫೋನಿನಲ್ಲಿ ಸರಿಯಾಗಿ ಬರುತ್ತಲೇ ಇತ್ತು, ಹಾಗಾಗಿ ಯಾರಿಗೂ ಸಂಶಯ ಬರಲಿಲ್ಲ. ಹೊಸ ಕಂಪ್ಯೂಟರಿಗೆ ಹಾಕುವಾಗ ಥಂಡರ್‌ಬರ್ಡ್ ಊಹೆ ಮಾಡಿ ‘ಮೇಲ್’ ಎಂದು ಶುರುವಾಗುವ ಸರ್ವರ್ ಹೆಸರು ಕೊಟ್ಟಿತು. ಮುಂದಿನ ಹೆಜ್ಜೆಯಲ್ಲಿ ಸರ್ಟಿಫಿಕೇಟ್ ಎಚ್ಚರಿಕೆ. ಸರ್ಟಿಫಿಕೇಟ್ ಎಂದರೆ ಸರ್ವರಿನ ಗುರುತುಪತ್ರ. ಸರ್ಟಿಫಿಕೇಟ್ ಇದ್ದದ್ದು ಹೋಸ್ಟಿಂಗ್ ಕಂಪನಿಯ ಸರ್ವರ್ ಹೆಸರಿಗೆ, ಸಂಘದ ಡೊಮೈನ್ ಹೆಸರಿಗಲ್ಲ. ಇಂಥ ಕಡೆ ‘ಪರವಾಗಿಲ್ಲ, ಒಪ್ಪಿಕೋ’ ಎಂದು ಒತ್ತಿಬಿಡುವುದು ಸುಲಭ. ದಯವಿಟ್ಟು ಒತ್ತಬೇಡಿ. ಹಾಗೆ ಒಪ್ಪಿಕೊಂಡರೆ ಬೇರೆ ಯಾರಾದರೂ ನಡುವೆ ನಿಂತು ಪಾಸ್‌ವರ್ಡ್ ಕದಿಯುತ್ತಿದ್ದರೂ ನಿಮಗೆ ತಿಳಿಯುವುದಿಲ್ಲ. ‘ಕೈಯಾರೆ ಸೆಟ್ ಮಾಡು’ ಎಂಬ ಬಟನ್ ಒತ್ತಿ. ಅಕೌಂಟ್ ಮಾಡಿಸಿದಾಗ ಬಂದ ಮೊದಲ ಮೇಲ್‌ನಲ್ಲಿ ಇರುವ ಸರ್ವರ್ ಹೆಸರನ್ನು ಹಾಕಿ. ಐಮ್ಯಾಪ್‌ಗೆ, ಎಂದರೆ ಮೇಲ್ ತರಿಸುವುದಕ್ಕೆ, ಪೋರ್ಟ್ 993, ಭದ್ರತೆ ಎಸ್‌ಎಸ್‌ಎಲ್. ಕಳಿಸುವುದಕ್ಕೆ 465, ಎಸ್‌ಎಸ್‌ಎಲ್. ಅಥವಾ 587, ಸ್ಟಾರ್ಟ್‌ಟಿಎಲ್‌ಎಸ್. ಬಳಕೆದಾರ ಹೆಸರಿನ ಜಾಗದಲ್ಲಿ ಪೂರ್ತಿ ವಿಳಾಸ ಬೇಕೋ, @ಗಿಂತ ಮುಂಚಿನ ಭಾಗ ಸಾಕೋ ಎಂದು ನೋಡಿಕೊಳ್ಳಿ. ಊಹೆ ತಪ್ಪುವುದು ಜಾಸ್ತಿ ಅಲ್ಲೇ.

ಅದೇ ವಿಳಾಸವನ್ನು ವಿಂಡೋಸ್‌ನ ಹಳೆಯ ಮಾದರಿಯ ಔಟ್‌ಲುಕ್‌ನಲ್ಲಿ ಹಾಕಿದಾಗ ಸುಮ್ನೆ ಪಾಸ್‌ವರ್ಡ್ ಕೇಳುತ್ತಲೇ ಇತ್ತು. “ಪಾಸ್‌ವರ್ಡ್ ಸರಿ ಉಂಟು ಮಾರಾಯ, ಮತ್ತೆಂತಕ್ಕೆ ಪುನಃ ಪುನಃ ಕೇಳುದು?” ಎಂದರು ಸಂಘದ ಕಾರ್ಯದರ್ಶಿಗಳು. ಅವರ ಪ್ರಶ್ನೆ ನ್ಯಾಯವಾದದ್ದೇ. ಔಟ್‌ಲುಕ್ ಹುಡುಕುವ ದಾರಿ ಬೇರೆ. ಅದು ‘ಆಟೋಡಿಸ್ಕವರ್’ ಫೈಲನ್ನು ಮೊದಲು ಬರೀ ಡೊಮೈನ್‌ನಲ್ಲಿ, ಎಂದರೆ ನಿಮ್ಮ ವೆಬ್‌ಸೈಟ್ ಇರುವ ಸರ್ವರಿನಲ್ಲಿ, ಕೇಳುತ್ತದೆ. ಆಮೇಲೆ ‘ಆಟೋಡಿಸ್ಕವರ್’ ಎಂದು ಶುರುವಾಗುವ ವಿಳಾಸದಲ್ಲಿ, ಕೊನೆಯ ಕಡೆಗೆ, ಯಾವ ಸೇವೆ ಯಾವ ಸರ್ವರಿನಲ್ಲಿದೆ ಎಂದು ಹೇಳುವ ಎಸ್‌ಆರ್‌ವಿ ದಾಖಲೆಯಲ್ಲಿ. ವೆಬ್‌ಸೈಟ್ ಒಂದು ಕಡೆ, ಮೇಲ್ ಇನ್ನೊಂದು ಕಡೆ ಇದ್ದರೆ ಮೊದಲ ಹೆಜ್ಜೆಯಲ್ಲೇ ಸಂಬಂಧವಿಲ್ಲದ ಸರ್ವರ್ ಉತ್ತರ ಕೊಡಬಹುದು. ಕೇಳುತ್ತಿರುವುದು ಯಾವ ಸರ್ವರ್ ಎಂದು ಆ ಪಾಸ್‌ವರ್ಡ್ ಪೆಟ್ಟಿಗೆ ನೋಡಿ ಸಾಮಾನ್ಯ ಜನರಿಗೆ ತಿಳಿಯುವುದಿಲ್ಲ.

ತಿಳಿಯುವ ದಾರಿ ಇದೆ, ಆದರೆ ಅಡಗಿದೆ. ಔಟ್‌ಲುಕ್ ಓಡುತ್ತಿರುವಾಗ ಗಡಿಯಾರದ ಹತ್ತಿರ ಇರುವ ಅದರ ಐಕಾನಿನ ಮೇಲೆ, ಕಂಟ್ರೋಲ್ ಕೀ ಹಿಡಿದುಕೊಂಡು ರೈಟ್ ಕ್ಲಿಕ್ ಮಾಡಿ. ಆಟೋ ಕಾನ್ಫಿಗರೇಷನ್ ಪರೀಕ್ಷೆ ಎಂಬ ಸಾಲು ಬರುತ್ತದೆ. ಅದರ ಲಾಗ್‌ನಲ್ಲಿ ಪ್ರತಿಯೊಂದು ಹೆಜ್ಜೆಯೂ ಇರುತ್ತದೆ. ತುಂಬ ಒಳ್ಳೆಯ ಸಾಧನ. ಅದು ಇದೆ ಎಂದು ಯಾರಾದರೂ ಹೇಳಿಕೊಡಬೇಕು, ಅಷ್ಟೇ.

ಮೈಕ್ರೋಸಾಫ್ಟ್ 365ರ ಮೇಲ್ ಇರುವ ಆಫೀಸಾದರೆ ಮಾತೇ ಬೇರೆ. ಅಲ್ಲಿ ಔಟ್‌ಲುಕ್‌ನಷ್ಟು ಸಲೀಸಾಗಿ ಬೇರೆ ಯಾವುದೂ ಸೆಟ್ ಆಗುವುದಿಲ್ಲ. ಕ್ಯಾಲೆಂಡರ್, ವಿಳಾಸ ಪುಸ್ತಕ ಎಲ್ಲ ಜೊತೆಗೇ ಬರುತ್ತವೆ. ಹೊಸ ಔಟ್‌ಲುಕ್ ಆ್ಯಪ್ ಮಾತ್ರ ನಾನು ಸಂಘಗಳಿಗೆ ಹೇಳುವುದಿಲ್ಲ. ಅದರಲ್ಲಿ ಬೇರೆ ಕಂಪನಿಯ ಐಮ್ಯಾಪ್ ಅಕೌಂಟ್ ಸೇರಿಸಿದರೆ ಮೇಲ್‌ಗಳು ಮೈಕ್ರೋಸಾಫ್ಟ್ ಕ್ಲೌಡಿಗೆ ಸಿಂಕ್ ಆಗುತ್ತವೆ. ಸೇರಿಸುವಾಗ ಅದನ್ನು ತಿಳಿಸಿ ಒಪ್ಪಿಗೆ ಕೇಳುತ್ತದೆ, ನಿಜ. ಸದಸ್ಯರ ಪತ್ರಗಳನ್ನು ಇನ್ನೊಂದು ಕಡೆ ಇಡಲು ಸಂಘ ಯೋಚಿಸಿ ಒಪ್ಪಬೇಕಲ್ವಾ?

ಎವಲ್ಯೂಷನ್ ಲಿನಕ್ಸಿನದ್ದು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲೂ ಕೈಟ್‌ನ (ಶಾಲೆಗಳ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಕೇರಳ ಸರ್ಕಾರದ ಸಂಸ್ಥೆ) ಲಿನಕ್ಸ್ ಬಳಕೆಯಲ್ಲಿರುವುದರಿಂದ ಮೇಷ್ಟ್ರುಗಳಿಗೆ ಅದರ ಪರಿಚಯ ಕಷ್ಟವಲ್ಲ. ಇದು ಥಂಡರ್‌ಬರ್ಡ್‌ನ ಪಟ್ಟಿಯನ್ನೇ ಕೇಳುತ್ತದೆ, ಜೊತೆಗೆ ಎಸ್‌ಆರ್‌ವಿ ದಾಖಲೆಗಳನ್ನೂ ನೋಡುತ್ತದೆ. ಎಲ್ಲಿ ಸಿಕ್ಕಿತು ಎಂದು ಥಂಡರ್‌ಬರ್ಡ್‌ನಷ್ಟು ಬಿಡಿಸಿ ಹೇಳುವುದಿಲ್ಲ. ನನಗೆ ಇದು ಎರಡನೆಯದು.

ಮೂರಕ್ಕೂ ಅನ್ವಯಿಸುವ ಕೆಲವು ಮಾತು. ಕಂಪ್ಯೂಟರಿನ ತಾರೀಕು ತಪ್ಪಿದ್ದರೆ ಸರ್ಟಿಫಿಕೇಟ್ ಎಲ್ಲ ತಪ್ಪಾಗಿ ಕಾಣುತ್ತದೆ, ಮೊದಲು ಅದನ್ನು ನೋಡಿ. ಆಫೀಸಿನ ನೆಟ್‌ನಲ್ಲಿ ಆಗದಿದ್ದರೆ ಫೋನಿನ ಹಾಟ್‌ಸ್ಪಾಟ್ ಹಾಕಿ. ಅಲ್ಲಿ ಆದರೆ ತೊಂದರೆ ಇರುವುದು ನೆಟ್‌ನ ತಡೆಯಲ್ಲಿ. ಥಂಡರ್‌ಬರ್ಡ್‌ನಲ್ಲಿ ಜಿಮೇಲ್ ಲಾಗಿನ್ ಕಿಟಕಿ ಮುಂದೆ ಹೋಗದಿದ್ದರೆ ಕುಕೀಗಳನ್ನು ನಿಲ್ಲಿಸಿದ್ದೀರಾ ನೋಡಿ. ಹೆಸರಿನ ಜಾಗದಲ್ಲಿ ಕನ್ನಡದಲ್ಲೇ ಬರೆಯಿರಿ, ಮೂರರಲ್ಲೂ ಸರಿಯಾಗಿ ಹೋಗುತ್ತದೆ. ತಿರುವನಂತಪುರದ ಆಫೀಸಿಗೂ ಸಂಘದ ಹೆಸರು ಕನ್ನಡದಲ್ಲೇ ತಲುಪಲಿ.

ಆ ಸಂಘಕ್ಕೆ ಒಂದೊಂದು ಕಂಪ್ಯೂಟರಿಗೂ ಕೈಯಾರೆ ಹಾಕುವ ಕೆಲಸ ತಪ್ಪಿದ್ದು ಡಿಎನ್‌ಎಸ್, ಎಂದರೆ ಡೊಮೈನ್‌ನ ದಾಖಲೆಗಳನ್ನು, ನೋಡಿಕೊಳ್ಳುವವರಿಗೆ ಬರೆದಾಗ. ಕೇಳಿದ್ದು ಇಷ್ಟೇ: ‘ಆಟೋಕಾನ್ಫಿಗ್’ ಮತ್ತು ‘ಆಟೋಡಿಸ್ಕವರ್’ ಹೆಸರುಗಳನ್ನು ಹಳೆಯ ಮೇಲ್ ಸರ್ವರಿನ ಕಡೆಗೆ ತಿರುಗಿಸಿ, ಆ ಎರಡು ಹೆಸರಿಗೂ ಸರ್ಟಿಫಿಕೇಟ್ ಹಾಕಿಸಿ, ಐಮ್ಯಾಪ್‌ಗೂ ಕಳಿಸುವುದಕ್ಕೂ ಎಸ್‌ಆರ್‌ವಿ ದಾಖಲೆ ಸೇರಿಸಿ. ಆಮೇಲೆ ಥಂಡರ್‌ಬರ್ಡ್‌ನಲ್ಲಿ ಅದೇ ವಿಳಾಸ ಹಾಕಿದಾಗ, ವಿವರ ಮೇಲ್ ಕೊಡುವವರ ಹತ್ತಿರವೇ ಸಿಕ್ಕಿತು ಎಂದು ಬಂತು.