ತೋಟದ ತೇವ ಅಳೆಯುವ ಐದು ದಾರಿ: ನಾನು ಟೆನ್ಸಿಯೋಮೀಟರ್ ಕಡೆ

ಇನ್ನು ಮುಂದೆ ಬೇಸಿಗೆಯಲ್ಲಿ ಟೆನ್ಸಿಯೋಮೀಟರ್ ನೋಡದೆ ನಾನು ತೋಟಕ್ಕೆ ನೀರು ಬಿಡುವುದಿಲ್ಲ. ನೀರು ತುಂಬಿದ ಕೊಳವೆ, ಅದರ ತುದಿಗೆ ಸುಟ್ಟ ಮಣ್ಣಿನ ಸಣ್ಣ ಬಟ್ಟಲು, ತಲೆಯ ಮೇಲೆ ಮುಳ್ಳಿನ ಮೀಟರ್, ಇಷ್ಟೇ ಅದು. ಹೊಸನಗರ ಸೀಮೆಯಲ್ಲಿ ನನ್ನದು ಎರಡು ಎಕರೆ ಅಡಿಕೆ. ಮೂರು ಬೇಸಿಗೆ ಐದು ಬಗೆಯಲ್ಲಿ ಮಣ್ಣಿನ ತೇವ ಅಳೆದು ನೋಡಿದ್ದೇನೆ. ನೀರು ಉಳಿಸುವುದು ಒಂದು ಕಾರಣ. ಇನ್ನೊಂದು, ಇಪ್ಪತ್ತು ವರ್ಷಗಳಿಂದ ಮಳೆ ಲೆಕ್ಕ ಬರೆಯುತ್ತಿರುವ ನನಗೆ, ಬಿದ್ದ ನೀರು ಮಣ್ಣಿನಲ್ಲಿ ಎಷ್ಟು ದಿನ ನಿಲ್ಲುತ್ತದೆ, ಮತ್ತೆ ಆವಿಯಾಗಿ ಮುಂದಿನ ಮಳೆಗೆ ಎಷ್ಟು ಒದಗುತ್ತದೆ ಎಂದು ತಿಳಿಯುವ ಆಸೆ.

ಮೊದಲು ಕೊಂಡದ್ದು ಎರಡು ಕಡ್ಡಿಯ ಅಗ್ಗದ ಸೆನ್ಸರ್. ಕಡ್ಡಿಗಳ ನಡುವೆ ಕರೆಂಟ್ ಹರಿಸಿ ತೇವ ಊಹಿಸುವ ಸಾಧನ. ಪೊಟ್ಯಾಷ್ ಹಾಕಿದ ಮರುದಿನ ಒಣ ಪಾತಿಯನ್ನೂ ಒದ್ದೆ ಎಂದು ತೋರಿಸಿತು, ಏಕೆಂದರೆ ಉಪ್ಪಿನಂಶ ಇದ್ದಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ. ಐದು ವಾರಕ್ಕೆ ಕಡ್ಡಿಗಳು ತುಕ್ಕು ಹಿಡಿದು ಸವೆದವು. ಅದಕ್ಕೆ ಕೊಟ್ಟ ನಾನೂರು ರೂಪಾಯಿ ದಂಡ.

ಮಣ್ಣು ತೂಗಿ, 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ, ಮತ್ತೆ ತೂಗುವುದು ಎಲ್ಲಕ್ಕಿಂತ ನಂಬಿಗಸ್ತ ವಿಧಾನ. ಆದರೆ ನಮ್ಮೂರಿನಲ್ಲಿ 24 ಗಂಟೆ ಕರೆಂಟ್ ಎಡೆಬಿಡದೆ ಇರುವುದಿಲ್ಲ. ಉಳಿದ ಸಾಧನಗಳನ್ನು ತಾಳೆ ನೋಡಲು ವರ್ಷಕ್ಕೆರಡು ಸಲ ಮಾತ್ರ ಇದನ್ನು ಮಾಡುತ್ತೇನೆ.

ಕೆಪಾಸಿಟೆನ್ಸ್ ಸೆನ್ಸರ್ ದುಬಾರಿ, ಆದರೆ ಬುದ್ಧಿವಂತ ಸಾಧನ. ವಿದ್ಯುತ್ ಕ್ಷೇತ್ರಕ್ಕೆ ವಸ್ತು ಹೇಗೆ ಸ್ಪಂದಿಸುತ್ತದೆ ಎಂಬುದರ ಅಳತೆ ನೀರಿಗೆ ಸುಮಾರು 80, ಒಣ ಮಣ್ಣಿಗೆ 3ರಿಂದ 5. ಈ ಅಂತರದಿಂದಲೇ ಅದು ತೇವವನ್ನು ಲೆಕ್ಕ ಹಾಕುತ್ತದೆ. ನಮ್ಮ ತೋಟದ ಜಂಬಿಟ್ಟಿಗೆ ಚೂರುಗಳ ನಡುವೆ ಗಾಳಿಸಂದಿ ಉಳಿದು ಅಂಕಿ ಕೆಳಗಿಳಿಯುತ್ತಿತ್ತು. ಶಿಕಾರಿಪುರದಲ್ಲಿ ಅಕ್ಕನ ಮನೆಯ ಮೆಕ್ಕೆಜೋಳದ ಹೊಲದಲ್ಲಿ, ನಯವಾದ ಕೆಂಪು ಮಣ್ಣಿನಲ್ಲಿ, ಅದೇ ಸಾಧನ ಚೆನ್ನಾಗಿ ಕೆಲಸ ಮಾಡಿತು.

ಟೆನ್ಸಿಯೋಮೀಟರ್ ನೀರಿನ ಪ್ರಮಾಣ ಹೇಳುವುದಿಲ್ಲ, ಮಣ್ಣು ನೀರನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎಂದು ಸೆಂಟಿಬಾರ್ ಎಂಬ ಒತ್ತಡದ ಅಳತೆಯಲ್ಲಿ ಹೇಳುತ್ತದೆ; ಅಂಕಿ ಏರಿದಷ್ಟೂ ಮಣ್ಣು ಒಣ. ಅಂದರೆ ಬೇರು ಎಷ್ಟು ಬಲ ಹಾಕಿ ಎಳೆಯಬೇಕು ಎಂಬ ಲೆಕ್ಕ. ಮರಕ್ಕೆ ಬೇಕಾದದ್ದು ಇದೇ.

ಇದರಲ್ಲೂ ಒಂದು ತೊಡಕಿದೆ, ಅದು ನನಗೆ ಒಂದು ಬೇಸಿಗೆಯ ಪಾಠವಾಯಿತು. ಮೊದಲ ಫೆಬ್ರವರಿಯಲ್ಲಿ ಮುಳ್ಳು ದಿನದಿಂದ ದಿನಕ್ಕೆ ಏರಿ 70 ದಾಟಿತು. ಮರುದಿನ ಬೆಳಿಗ್ಗೆ ನೋಡಿದರೆ 10. ರಾತ್ರಿ ಮಳೆಯಿಲ್ಲ, ನೀರೂ ಬಿಟ್ಟಿಲ್ಲ. ಪಕ್ಕದ ಗದ್ದೆಯಿಂದ ಒರತೆ ಬಂದಿರಬೇಕೆಂದುಕೊಂಡು ಎಂಟು ದಿನ ಸ್ಪ್ರಿಂಕ್ಲರ್ ಮುಟ್ಟಲಿಲ್ಲ. ಎಳೆಯ ಸಸಿಗಳ ಸೋಗೆ ಜೋತುಬಿದ್ದವು, ಆಗಷ್ಟೇ ಬಿರಿದಿದ್ದ ಹಿಂಗಾರಗಳು ಒಣಗಿದವು.

ಆದದ್ದು ಇಷ್ಟು: ಮಣ್ಣು ಮಿತಿಮೀರಿ ಒಣಗಿದಾಗ, ಸುಮಾರು 80 ಸೆಂಟಿಬಾರ್ ಹತ್ತಿರ, ಬಟ್ಟಲಿನ ಮೂಲಕ ಗಾಳಿ ಒಳನುಗ್ಗಿ ಕೊಳವೆಯ ನೀರಿನ ಎಳೆ ಕಡಿದುಹೋಗುತ್ತದೆ. ನೀರಿನಲ್ಲಿ ಕರಗಿದ ಗಾಳಿ ಗುಳ್ಳೆಯಾಗಿ ಹೊರಬಂದರೆ ಇನ್ನೂ ಮೊದಲೇ ಕಡಿಯುತ್ತದೆ. ಆಗ ಮುಳ್ಳು ಕೆಳಗಿಳಿಯುತ್ತದೆ. ತೀರಾ ಒಣಗಿದ ಮಣ್ಣು, ತೊಯ್ದ ಮಣ್ಣು, ಎರಡಕ್ಕೂ ಮೀಟರ್ ಒಂದೇ ಉತ್ತರ ಕೊಡುತ್ತದೆ. ಮಾರಿದ ಅಂಗಡಿಯವರು ಇದನ್ನು ಹೇಳಿರಲಿಲ್ಲ.

ಈಗ ಬಟ್ಟಲನ್ನು ಇಡೀ ರಾತ್ರಿ ನೀರಿನಲ್ಲಿ ನೆನೆಸಿಟ್ಟು, ಕುದಿಸಿ ಆರಿಸಿದ ನೀರನ್ನೇ ಕೊಳವೆಗೆ ತುಂಬುತ್ತೇನೆ. ಗುಂಡಿಯ ಮಣ್ಣನ್ನು ಜರಡಿ ಹಿಡಿದು, ಕೆಸರು ಮಾಡಿ, ಬಟ್ಟಲಿನ ಸುತ್ತ ಸಂದಿ ಉಳಿಯದಂತೆ ಸುರಿಯುತ್ತೇನೆ. ವಾರಕ್ಕೊಮ್ಮೆ ಮುಚ್ಚಳ ತೆಗೆದು ಗಾಳಿ ಬಿಡುತ್ತೇನೆ. ಮುಳ್ಳು ಕಾರಣವಿಲ್ಲದೆ ಇಳಿದರೆ ಮೊದಲು ಕೊಳವೆ ನೋಡುತ್ತೇನೆ, ಆಮೇಲೆ ಆಕಾಶ.

ಐದನೆಯ ದಾರಿಗೆ ಕಾಸು ಖರ್ಚಿಲ್ಲ: ಉಪಗ್ರಹ ಮತ್ತು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಹವಾಮಾನ ಮಾದರಿಗಳ ಅಂಕಿ. ನಾಸಾ 2015ರ ಜನವರಿಯಲ್ಲಿ ಹಾರಿಸಿದ ಸ್ಮ್ಯಾಪ್ ಉಪಗ್ರಹ ನೋಡುವುದು ಮೇಲಿನ 5 ಸೆಂ.ಮೀ. ಮಣ್ಣನ್ನು. ಅದೂ ಸುಮಾರು 40 ಕಿ.ಮೀ. ಅಗಲದ ಸರಾಸರಿಯಾಗಿ, ದಟ್ಟ ಕಾಡಿದ್ದಲ್ಲಿ ಮಂಕಾಗಿ. ಎರಾ-5 ಲ್ಯಾಂಡ್ ಎಂಬ ಯುರೋಪಿನ ದತ್ತಾಂಶ 289 ಸೆಂ.ಮೀ. ಆಳದವರೆಗೆ ನಾಲ್ಕು ಪದರಗಳ ತೇವ ಕೊಡುತ್ತದೆ, ಆದರೆ ಅದರ ಒಂದು ಚೌಕ ಸುಮಾರು 9 ಕಿ.ಮೀ. ನಮ್ಮಲ್ಲಿ ಅಷ್ಟರೊಳಗೆ ತೋಟ, ಗದ್ದೆ, ಸೊಪ್ಪಿನ ಬೆಟ್ಟ, ಕಾನು, ಬೋಳುಗುಡ್ಡ ಎಲ್ಲ ಬಂದುಹೋಗುತ್ತವೆ.

ಕಳೆದ ಏಪ್ರಿಲ್‌ನಲ್ಲಿ 38 ಮಿ.ಮೀ. ಗುಡುಗು ಮಳೆ ಬಿತ್ತು. ನಾಲ್ಕನೆಯ ದಿನಕ್ಕೇ ಉಪಗ್ರಹದ ಅಂಕಿ ಹಳೆಯ ಮಟ್ಟಕ್ಕಿಳಿಯಿತು. ಸೊಪ್ಪು ಮುಚ್ಚಿದ ನನ್ನ ಪಾತಿಯಲ್ಲಿ 30 ಸೆಂ.ಮೀ. ಆಳದ ಮುಳ್ಳು ಒಂಬತ್ತು ದಿನ 30 ದಾಟಲಿಲ್ಲ. ಮೇಲ್ಮಣ್ಣು ಒಣಗಿದರೂ ಮರಗಳು ಕೆಳಗಿನ ನೀರನ್ನೆಳೆದು ಎಲೆಯಿಂದ ಗಾಳಿಗೆ ಬಿಡುತ್ತಲೇ ಇದ್ದವು. ಬಿಸಿಲಿನ ಶಕ್ತಿ ಆವಿಯಾಗಿಸಲು ಹೋಗುತ್ತದೆಯೋ ಗಾಳಿ ಕಾಯಿಸಲು ಹೋಗುತ್ತದೆಯೋ ಎಂಬುದನ್ನು ನಿರ್ಧರಿಸುವುದು ಈ ನೀರು. ಮಾದರಿ ಬೇರಿನ ಆಳದ ತೇವವನ್ನು ತಪ್ಪಾಗಿ ಹಿಡಿದರೆ ಅದು ಲೆಕ್ಕ ಹಾಕುವ ಮಳೆಯೂ ತಪ್ಪುತ್ತದೆ.

ಇದು ಎಲ್ಲ ಕಾಲಕ್ಕೂ ಅನ್ವಯಿಸುವುದಿಲ್ಲ. ಜುಲೈನ ಆಗುಂಬೆಯಲ್ಲಿ ಮಣ್ಣು ಹೇಗಿದ್ದರೂ ಅರಬ್ಬಿ ಸಮುದ್ರದ ಗಾಳಿ ಘಟ್ಟಕ್ಕೆ ಬಡಿದು ಮಳೆ ಸುರಿಸುತ್ತದೆ. ತೀರಾ ತೊಯ್ದಿರದ, ತೀರಾ ಒಣಗಿರದ ನಡುವಣ ಸ್ಥಿತಿಯಲ್ಲಿ ಮಣ್ಣಿನ ಮಾತು ನಡೆಯುತ್ತದೆ. 2004ರಲ್ಲಿ ಹನ್ನೆರಡು ಮಾದರಿಗಳನ್ನು ಹೋಲಿಸಿದ ಅಧ್ಯಯನವೊಂದು, ಜೂನ್‌ನಿಂದ ಆಗಸ್ಟ್‌ವರೆಗೆ ಮಣ್ಣಿನ ತೇವಕ್ಕೂ ಮಳೆಗೂ ಇರುವ ಈ ನಂಟು ಬಲವಾಗಿರುವ ಜಾಗಗಳಲ್ಲಿ ಅಮೆರಿಕದ ನಡುಬಯಲು, ಆಫ್ರಿಕದ ಸಹೇಲ್ ಜೊತೆಗೆ ಭಾರತವನ್ನೂ ಹೆಸರಿಸಿತು. 2012ರ ಇನ್ನೊಂದು ಅಧ್ಯಯನ ಉಪಗ್ರಹದ ಅಳತೆಗಳಿಂದ ಕಂಡದ್ದು ಬೇರೆ: ಮಧ್ಯಾಹ್ನದ ಮಳೆ ಸುತ್ತಲಿಗಿಂತ ಒಣಗಿದ ನೆಲದ ಮೇಲೆ ಬೀಳುವುದೇ ಹೆಚ್ಚು. ಮಾದರಿಗಳಲ್ಲಿ ಅದು ಕಾಣಿಸಲಿಲ್ಲ. ಅದಕ್ಕೇ ನೆಲದೊಳಗಿನ ಅಳತೆ ಎಷ್ಟಿದ್ದರೂ ಸಾಲದು ಎನ್ನುತ್ತೇನೆ.

ದಿನವೂ ಬೆಳಿಗ್ಗೆ ಕಾಫಿ ಕುಡಿದು ತೋಟಕ್ಕೆ ಇಳಿಯುವ ಅಭ್ಯಾಸ ನನಗಿದೆ, ಆದ್ದರಿಂದ ಟೆನ್ಸಿಯೋಮೀಟರ್‌ನ ಆರೈಕೆ ಭಾರವೆನಿಸುವುದಿಲ್ಲ. ನಾಲ್ಕು ಸಾವಿರದೊಳಗೆ ಸಿಕ್ಕಿತು, ಬ್ಯಾಟರಿ ಬೇಡ. ವಾರಕ್ಕೊಮ್ಮೆಯೂ ತೋಟಕ್ಕೆ ಹೋಗಲಾಗದವರು ಇದನ್ನು ಕೊಳ್ಳಬೇಡಿ. ಅಕ್ಕನ ಹೊಲದಂಥ ಬಯಲುಸೀಮೆಯ ಅಂಚಿನ ಮಣ್ಣು ಡಿಸೆಂಬರ್‌ಗೇ 80 ದಾಟುತ್ತದೆ, ಅಲ್ಲಿಗೆ ಕೆಪಾಸಿಟೆನ್ಸ್ ಸೆನ್ಸರ್ ಸರಿ. ನನ್ನದನ್ನು ಅಕ್ಕನಿಗೇ ಬಿಟ್ಟು ಬಂದಿದ್ದೇನೆ. ಈ ಸಲ ಅಡಿಕೆ ಮಾರಿದ ಮೇಲೆ 60 ಸೆಂ.ಮೀ. ಉದ್ದದ ಇನ್ನೊಂದು ಕೊಳವೆ ತಂದು, ಬಸಿಗಾಲುವೆಯಿಂದ ದೂರದ ಸಾಲಿನಲ್ಲಿ ನೆಡುತ್ತೇನೆ.