ಮನೆಯಲ್ಲೇ ಕಟ್ಟಿದ ಲೆಹ್ಮನ್ ಸೀಸ್ಮೋಗ್ರಾಫ್: ಮೂರು ವರ್ಷ ಓಡಿಸಿದ ಮೇಲೆ

ಮನೆಯ ಕೆಳಗಿನ ಕೋಣೆಯಲ್ಲಿ ನಾನೇ ಕಟ್ಟಿದ ಸೀಸ್ಮೋಗ್ರಾಫ್, ಅಂದರೆ ಭೂಕಂಪ ದಾಖಲಿಸುವ ಉಪಕರಣ, ಮೂರು ವರ್ಷದಿಂದ ಹಗಲೂ ರಾತ್ರಿ ಓಡುತ್ತಿದೆ. 1979ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಬಂದ ಮೇಲೆ ಹವ್ಯಾಸಿಗಳಲ್ಲಿ ಹಬ್ಬಿದ ಲೆಹ್ಮನ್ ವಿನ್ಯಾಸ ಇದು. ದೂರದ ದೊಡ್ಡ ಭೂಕಂಪಗಳನ್ನು ನೋಡುವ ಆಸೆ ಇದ್ದರೆ ಕಣ್ಣುಮುಚ್ಚಿ ಕಟ್ಟಿ. ಹತ್ತಿರದ ಸಣ್ಣ ಕಂಪನಗಳೇ ಬೇಕು ಅಂದರೆ ಇದು ಬೇಡ, ಜಿಯೋಫೋನ್ (ನೆಲದ ಬೇಗದ ನಡುಕ ಹಿಡಿಯುವ ಸಣ್ಣ ಸೆನ್ಸರ್) ಇರುವ ಉಪಕರಣ ತೆಗೆದುಕೊಳ್ಳಿ.

ಕಂಬ ಒಂಚೂರು ವಾಲಿದ್ದರೆ ಗೇಟು ತಾನಾಗಿ ಸರಿದು ಒಂದು ಕಡೆ ನಿಲ್ಲುತ್ತದೆ, ಅಲ್ವಾ? ಇದೂ ಹಾಗೇ. ಅಡ್ಡ ಸರಳು, ತುದಿಯಲ್ಲಿ 2 ಕೆ.ಜಿ. ತೂಕ, ಮೇಲಿನಿಂದ ಹಿಡಿದ ಉಕ್ಕಿನ ತಂತಿ. ನೆಲ ಅಲುಗಿದರೂ ತೂಕ ಇದ್ದಲ್ಲೇ ಇರಲು ನೋಡುತ್ತದೆ. ಆಗ ಆಯಸ್ಕಾಂತದ ಎದುರು ಕಾಯಿಲ್ (ತಂತಿಯ ಸುರುಳಿ) ಸರಿದು ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಅದನ್ನು ಹಿಗ್ಗಿಸಿ ಕಂಪ್ಯೂಟರಿಗೆ ಕೊಟ್ಟರೆ ಆಯಿತು. ನನ್ನ ಸರಳು ಒಮ್ಮೆ ಹೋಗಿ ಬರಲು 16 ಸೆಕೆಂಡು. ದಾರಕ್ಕೆ ಕಟ್ಟಿ ನೇತುಹಾಕಿದ ಗುಂಡು ಅಷ್ಟು ನಿಧಾನಕ್ಕೆ ತೂಗಬೇಕಾದರೆ ದಾರ 60 ಮೀಟರಿಗಿಂತ ಉದ್ದ ಇರಬೇಕು! ಇಲ್ಲಿ ಪೀಠದ ಸ್ಕ್ರೂ ಕಾಲು ಸುತ್ತು ತಿರುಗಿಸಿದರೂ ಆ ಸೆಕೆಂಡುಗಳ ಲೆಕ್ಕವೇ ಬದಲಾಗುತ್ತದೆ.

ಮೊದಲ ಆರು ತಿಂಗಳು ನನಗೆ ಸಿಕ್ಕಿದ್ದು ಬರೀ ಗೋಜಲು. ಕಾರಣ, ಡ್ಯಾಂಪಿಂಗ್ (ತೂಗಾಟಕ್ಕೆ ತಡೆ) ಇರಲಿಲ್ಲ. ಕದಲಿದ ಸರಳನ್ನು ತಡೆಯುವುದು ಏನೂ ಇಲ್ಲದಿದ್ದರೆ ಅದು ತನ್ನ ಪಾಡಿಗೆ ತೂಗುತ್ತಲೇ ಇರುತ್ತದೆ. ಯಾವುದು ಭೂಮಿಯ ಅಲೆ, ಯಾವುದು ಸರಳಿನದು ಅಂತ ಗೊತ್ತೇ ಆಗುವುದಿಲ್ಲ. ಸರಳಿಗೆ ತಾಮ್ರದ ತಗಡು ಕಟ್ಟಿ, ಎರಡೂ ಕಡೆ ಬಲವಾದ ಆಯಸ್ಕಾಂತ ಇಟ್ಟ ಮೇಲೆ ಸರಿಹೋಯಿತು. ಮೆಲ್ಲಗೆ ತಳ್ಳಿ ನೋಡಿ: ಒಮ್ಮೆ ಸ್ವಲ್ಪ ದಾಟಿ ಬಂದು ನಿಂತರೆ ಸಾಕು.

ಗಾಳಿ ಇನ್ನೊಂದು ಕಾಟ. ಥರ್ಮಾಕೋಲ್ ಪೆಟ್ಟಿಗೆ ಮುಚ್ಚದೆ ಓಡಿಸಲೇಬೇಡಿ. ಒಂದು ವಾರ ಪರದೆಯ ಮೇಲಿನ ಗೆರೆ ಸತ್ತಂತೆ ಮಲಗಿತ್ತು. ತೆಗೆದು ನೋಡಿದರೆ ಜೇಡ ಬಲೆ ಹೆಣೆದು ಸರಳನ್ನು ಪೆಟ್ಟಿಗೆಗೆ ಕಟ್ಟಿಹಾಕಿತ್ತು. ಅಂಥ ಒಂದು ಎಳೆಯೂ ಇದಕ್ಕೆ ಜಾಸ್ತಿಯೇ.

ಭೂಕಂಪ ಇಲ್ಲದ ದಿನವೂ ಗೆರೆ ಸುಮ್ನೆ ಇರುವುದಿಲ್ಲ. ಐದಾರು ಸೆಕೆಂಡಿಗೊಂದು ಸಣ್ಣ ಅಲೆ ಬರುತ್ತಲೇ ಇರುತ್ತದೆ. ಅದು ಸಮುದ್ರದ್ದು! ಎಲ್ಲೋ ದೂರದ ಬಿರುಗಾಳಿಗೆ ಎದ್ದ ತೆರೆಗಳು ನೆಲವನ್ನು ಅಲುಗಿಸುತ್ತವೆ. ಇದನ್ನು ತಿಳಿದ ದಿನ ನಾನು ಪರದೆ ಬಿಟ್ಟು ಏಳಲಿಲ್ಲ.

2023ರ ಫೆಬ್ರವರಿ 6ರಂದು ಟರ್ಕಿಯ 7.8ರ ಭೂಕಂಪ ದಾಖಲಾಯಿತು. ಸುಮಾರು ಒಂಬತ್ತು ಗಂಟೆ ಬಿಟ್ಟು ಅದೇ ಹಾಳೆಯಲ್ಲಿ 7.5ರದ್ದೂ ಬಂತು. ಮೊದಲು ಸಣ್ಣಗೆ ಎಲ್ಲಕ್ಕಿಂತ ವೇಗದ ಪಿ ಅಲೆ, ಆಮೇಲೆ ಅದಕ್ಕಿಂತ ನಿಧಾನದ ಎಸ್ ಅಲೆ, ಕೊನೆಗೆ ನೆಲದ ಮೇಲ್ಮೈಯಲ್ಲಿ ಬರುವ ದೊಡ್ಡ ಅಲೆಗಳು. ಅಲ್ಲಿ ಮನೆಗಳು ಉರುಳುತ್ತಿವೆ ಅನ್ನುವುದು ನೆನಪಾಗಿ ಖುಷಿಪಡಲು ಆಗಲಿಲ್ಲ. 2025ರ ಜುಲೈನ ಕಮ್ಚಾಟ್ಕಾ 8.8ಕ್ಕಂತೂ ಸರಳು ಗಂಟೆಗಟ್ಟಲೆ ನಿಲ್ಲಲಿಲ್ಲ. ಮೇಲ್ಮೈ ಅಲೆ ಭೂಮಿಯನ್ನು ಸುತ್ತಿ ಮತ್ತೆ ಬರುತ್ತದೆ, ಒಂದು ಸುತ್ತು ಹಾಕಲು ಸುಮಾರು ಮೂರು ಗಂಟೆ ಬೇಕು.

ದೊಡ್ಡ ಕೊರತೆ ಒಂದೇ. ಸರಳು ಅಡ್ಡಡ್ಡ ಅಲುಗಾಟವನ್ನಷ್ಟೇ ಹಿಡಿಯುತ್ತದೆ. ತನ್ನ ಉದ್ದಕ್ಕೇ ನೆಲ ಆಡಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಈಗ ಇದಕ್ಕೆ ನೇರ ಅಡ್ಡಲಾಗಿ ಇನ್ನೊಂದನ್ನು ಕಟ್ಟುತ್ತಿದ್ದೇನೆ. ಪೀಠ ಮುಗಿದಿದೆ, ಕಾಯಿಲ್ ಸುತ್ತುವುದು ಬಾಕಿ.